ಸಲಿಂಗ ವಿವಾಹದ ಮೊಕದ್ದಮೆ: ರಾಯಚೂರಿನಿಂದ ಕಂಡಂತೆ

ಸಲಿಂಗ ವಿವಾಹಕ್ಕೆ, ಅಂದರೆ ಒಂದೇ ಲಿಂಗದ ಇಬ್ಬರ ಮದುವೆಗೆ, ಮಾನ್ಯತೆ ಕೋರಿದ್ದ ಅರ್ಜಿಗಳ ಕುರಿತು 2023ರ ಅಕ್ಟೋಬರ್ 17ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಮದುವೆಯಾಗುವುದು ಮೂಲಭೂತ ಹಕ್ಕಲ್ಲವೆಂದು ಒಮ್ಮತದಿಂದ ಹೇಳಿ, ಕಾನೂನು ರೂಪಿಸುವ ಹೊಣೆಯನ್ನು ಶಾಸಕಾಂಗಕ್ಕೇ ಬಿಟ್ಟಿತು.

ಅರ್ಜಿದಾರರು ಮುಖ್ಯವಾಗಿ ನೆಚ್ಚಿಕೊಂಡಿದ್ದು ಜಾತಿ, ಧರ್ಮಗಳ ಹಂಗಿಲ್ಲದ ಮದುವೆಗೆ ಅವಕಾಶ ಕೊಡುವ 1954ರ ವಿಶೇಷ ವಿವಾಹ ಕಾಯ್ದೆಯನ್ನು. ಆದರೆ ಅದರಡಿ ಮದುವೆಯಾಗುವವರ ಹೆಸರು, ವಯಸ್ಸು, ವೃತ್ತಿ, ವಿಳಾಸಗಳಿರುವ ನೋಟಿಸನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎದ್ದು ಕಾಣುವಂತೆ ಅಂಟಿಸಿ, ಆಕ್ಷೇಪಣೆಗೆಂದು 30 ದಿನ ಕಾಯಬೇಕು. ಬೆಂಗಳೂರಿನಲ್ಲಿ ಯಾರೂ ತಿರುಗಿ ನೋಡದ ಆ ಹಾಳೆಯ ಸುದ್ದಿ, ಪರಿಚಯದವರೇ ಓಡಾಡುವ ದೇವದುರ್ಗದಲ್ಲೋ ಮಾನ್ವಿಯಲ್ಲೋ ಸಂಜೆಯೊಳಗೆ ಮನೆ ಮುಟ್ಟುವುದರಿಂದ, ಮೊಕದ್ದಮೆ ಗೆದ್ದಿದ್ದರೂ ಈ ನಿಯಮ ಉಳಿದಿರುವವರೆಗೆ ರಾಯಚೂರು ಜಿಲ್ಲೆಯ ಜೋಡಿಗಳಿಗೆ ಅದು ಅರ್ಧ ಗೆಲುವೇ ಆಗುತ್ತಿತ್ತು.

ಸೋಲಿನ ನಡುವೆಯೂ ದಕ್ಕಿದ್ದುಂಟು: ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಗಂಡು-ಹೆಣ್ಣಿನ ಸಂಬಂಧದಲ್ಲಿದ್ದರೆ ಈಗಿನ ಕಾನೂನುಗಳಡಿಯೇ ಮದುವೆಯಾಗಬಹುದೆಂದು ಪೀಠ ಒಪ್ಪಿತು, 2024ರಲ್ಲಿ ಕೇಂದ್ರ ಸರ್ಕಾರವು ಸಲಿಂಗ ಸಂಗಾತಿಗಳನ್ನು ಪಡಿತರ ಚೀಟಿಯ ಮಟ್ಟಿಗೆ ಒಂದೇ ಕುಟುಂಬವೆಂದು ಪರಿಗಣಿಸುವಂತೆ ರಾಜ್ಯಗಳಿಗೆ ಸೂಚಿಸಿ, ಜಂಟಿ ಬ್ಯಾಂಕ್ ಖಾತೆಗೂ ಅಡ್ಡಿಯಿಲ್ಲವೆಂದಿತು. ಮರುಪರಿಶೀಲನಾ ಅರ್ಜಿಗಳು 2025ರ ಜನವರಿ 9ರಂದು ವಜಾಗೊಂಡಿರುವುದರಿಂದ, ಮುಂದಿನ ಹೆಜ್ಜೆ ಇಡಬೇಕಾದದ್ದು ಸಂಸತ್ತು.