ಅರ್ಧ ಟನ್ ಮರ, ಹತ್ತು ಟನ್ ಮಣ್ಣು

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಹಳೇ ಮಾಳಿಗೆ ಮನೆಯಲ್ಲಿ ಮಲಗಿದವರ ತಲೆ ಮೇಲೆ ಎಷ್ಟು ಭಾರ ಇರುತ್ತದೆ? 20 ಅಡಿ ಉದ್ದ, 10 ಅಡಿ ಅಗಲದ ಒಂದು ಪಡಸಾಲೆ ಇಟ್ಟುಕೊಳ್ಳೋಣ. ಮೇಲೆ ಒಂದಡಿ ದಪ್ಪ ಮಣ್ಣು ಹಾಕಿದರೆ 200 ಘನ ಅಡಿ. ತುಳಿದು ಗಟ್ಟಿ ಮಾಡಿದ ಮಣ್ಣು ಘನ ಅಡಿಗೆ ಸುಮಾರು 48 ಕಿಲೋ ತೂಗುತ್ತದೆ. ಒಟ್ಟು 9,600 ಕಿಲೋ: ಒಂದು ಲಾರಿ ಲೋಡು! ಮಳೆಗೆ ಆ ಮಣ್ಣು ತನ್ನ ತೂಕದ ಹತ್ತನೇ ಒಂದು ಪಾಲು ನೀರು ಕುಡಿದರೂ ಇನ್ನೊಂದು ಟನ್ ಏರುತ್ತದೆ. ನೀರು ಇಳಿಯದ ಚೌಳು ಮಣ್ಣನ್ನು ಮೇಲೆ ಹಾಸುವುದು ಸೋರಿಕೆ ತಡೆಯಲು. ಭಾರ ಏರುವುದನ್ನು ತಡೆದ ಹಾಗೂ ಆಯಿತು.

ಇಷ್ಟನ್ನು ಹೊರುವ ಮರ ಎಷ್ಟು? 3 ಇಂಚು ದಪ್ಪ, 6 ಇಂಚು ಎತ್ತರ, 12 ಅಡಿ ಉದ್ದದ ಜಂತಿ. ಎರಡೂ ಗೋಡೆಯೊಳಗೆ ಒಂದೊಂದಡಿ ಕೂರಬೇಕಲ್ಲ. 15 ಇಂಚಿಗೊಂದರಂತೆ ಇಟ್ಟರೆ 17 ಜಂತಿ ಬೇಕು. ಬಡಗಿಯ ಲೆಕ್ಕ ಸರಳ: ಇಂಚಿನಲ್ಲಿ ಅಗಲ, ದಪ್ಪ, ಅಡಿಯಲ್ಲಿ ಉದ್ದ, ಮೂರನ್ನೂ ಗುಣಿಸಿ 144ರಿಂದ ಭಾಗಿಸು. ಒಂದು ಜಂತಿಗೆ ಒಂದೂವರೆ ಘನ ಅಡಿ, ಹದಿನೇಳಕ್ಕೆ ಇಪ್ಪತ್ತೈದೂವರೆ. ತೇಗವಾದರೆ ಅರ್ಧ ಟನ್ನೂ ಇಲ್ಲ. ತನ್ನ ತೂಕದ ಇಪ್ಪತ್ತರಷ್ಟನ್ನು ತಲೆಮಾರುಗಟ್ಟಲೆ ಹೊರುವ ಮರ ಇದು! ಗೋಡೆಗೆ ತಾಗಿದ ಎರಡು ಬಿಟ್ಟರೆ ಪ್ರತಿ ಜಂತಿಯ ಪಾಲಿಗೆ 600 ಕಿಲೋ.

ಗುಟ್ಟು ಇರುವುದು ನಿಲ್ಲಿಸುವ ರೀತಿಯಲ್ಲಿ. ಅದೇ ಜಂತಿಯನ್ನು 6 ಇಂಚಿನ ಮೈ ಕೆಳಗೆ ಮಾಡಿ ಮಲಗಿಸಿದರೆ ಬಲ ಅರ್ಧಕ್ಕೆ ಇಳಿಯುತ್ತದೆ, ಬಾಗು ನಾಲ್ಕು ಪಟ್ಟಾಗುತ್ತದೆ. ಮರ ಒಂದೇ, ದುಡ್ಡು ಒಂದೇ, ಭಾರವೂ ಒಂದೇ.

ನಾವು ಮಾಳಿಗೆಗೆ ಮರ ಹಾಕಿದರೆ, ಅಮೆರಿಕದಲ್ಲಿ ಗೋಡೆಯನ್ನೇ ಮರದಲ್ಲಿ ಎಬ್ಬಿಸುತ್ತಾರೆ. 20 ಅಡಿ ಉದ್ದ, 8 ಅಡಿ ಎತ್ತರದ ಗೋಡೆಗೆ 16 ಇಂಚಿಗೊಂದು ನಿಲುಪಟ್ಟಿ. ಮೇಲಿನ, ಕೆಳಗಿನ ಅಡ್ಡಪಟ್ಟಿ ಸೇರಿ ಸುಮಾರು 7 ಘನ ಅಡಿ ಮರ, ನೂರು ಕಿಲೋ. ಅದೇ ಅಳತೆಯ ಗೋಡೆಯನ್ನು ನಮ್ಮಲ್ಲಿ ಒಂದೂವರೆ ಅಡಿ ದಪ್ಪ ಕಲ್ಲಿನಲ್ಲಿ ಕಟ್ಟಿದರೆ ಹದಿನೈದು ಟನ್. ನಮ್ಮದು ಬಂಡೆಗುಡ್ಡಗಳ ಸೀಮೆ. ಕಲ್ಲು ಎಷ್ಟು ಒತ್ತಿದರೂ ತಡೆಯುತ್ತದೆ, ಬಗ್ಗಿಸಿದರೆ ಸೀಳುತ್ತದೆ. ಹಾಗಾಗಿ ಒತ್ತು ಬೀಳುವ ಕಡೆ ಕಲ್ಲು, ಬಾಗುವ ಕಡೆ ಮಾತ್ರ ಮರ. ಮರ ಕಡಿಮೆ ಇದ್ದ ನಾಡಿನವರು ಅದನ್ನು ಎಲ್ಲಿ ಬಳಸಬೇಕೋ ಅಲ್ಲಿಯೇ ಬಳಸಿದರು.

ಈಗ ಮಾಳಿಗೆ ಮನೆಗಳನ್ನು ಕೆಡವಿ ಆರ್‌ಸಿಸಿ ಹಾಕಿಸುತ್ತಿದ್ದೇವೆ. ಇಳಿಸಿದ ಜಂತಿಗಳನ್ನು ಸೌದೆ ಬೆಲೆಗೆ ಕೊಡುವ ಮುನ್ನ ಟೇಪು ಹಿಡಿಯಿರಿ. 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ, ಹೊಸ್ತಿಲು ಸಮೇತ 4×3 ಇಂಚಿನ ಬಾಗಿಲ ಚೌಕಟ್ಟಿಗೆ ಒಂದೂಮುಕ್ಕಾಲು ಘನ ಅಡಿ ಸಾಕು. ಘನ ಅಡಿಯನ್ನಷ್ಟೇ ನೋಡಿದರೆ ಹದಿನೇಳು ಜಂತಿಗೆ 14 ಚೌಕಟ್ಟು. ಆದರೆ 12 ಅಡಿಯ ಜಂತಿಯಲ್ಲಿ 7 ಅಡಿಯ ತುಂಡು ಒಂದೇ ಬರುವುದು, ಚೌಕಟ್ಟಿಗೆ ಅಂಥವು ಎರಡು ಬೇಕು. ನಿಜವಾಗಿ ಸಿಗುವುದು 8. ಮಿಕ್ಕ ಸೀಳುಗಳು ಕಿಟಕಿಗೆ. ಎಂಟೇ ಆದರೂ ಒಂದು ಪಡಸಾಲೆಯ ಮಾಳಿಗೆಯಲ್ಲಿ ಒಂದು ಇಡೀ ಮನೆಯ ಬಾಗಿಲುಗಳಿವೆ. ಹುಳ ಹಿಡಿಯದ ಹಳೇ ಮರವನ್ನು ಒಲೆಗೆ ಹಾಕುವುದು ನಷ್ಟದ ಬಾಬತ್ತು.