ಸಂಗೀತಾಭ್ಯಾಸಕ್ಕೆ ತಕ್ಕ ವಯಸ್ಸು

ಮಗುವೊಂದು ತಾನು ಕೇಳಿದ ಪದವನ್ನು ಇಂಪಾಗಿ ಹಾಡತೊಡಗಿದರೆ, ಅದನ್ನು ಸಂಗೀತ ಗುರುಗಳ ಬಳಿಗೆ ಯಾವಾಗ ಕಳುಹಿಸಬೇಕೆಂಬ ಪ್ರಶ್ನೆ ಹಿರಿಯರ ಮುಂದೆ ಏಳುತ್ತದೆ. ಹುಬ್ಬಳ್ಳಿ-ಧಾರವಾಡದಂತಹ ಸಂಗೀತದ ನೆಲದಲ್ಲಿ ಅದು ತುಸು ಬೇಗನೆ ಏಳುವುದು ಸಹಜವೇ. ಆದರೆ ಈ ಭಾಗದ ಶ್ರೇಷ್ಠ ಗಾಯಕರ ಬಾಲ್ಯವನ್ನು ನೋಡಿದರೆ ವಯಸ್ಸಿನ ಕಟ್ಟುನಿಟ್ಟಾದ ನಿಯಮವೊಂದು ದೊರೆಯುವುದಿಲ್ಲ.

ಗದಗಿನ ಭೀಮಸೇನ ಜೋಶಿಯವರು 1933ರಲ್ಲಿ, ತಮ್ಮ 11ನೆಯ ವಯಸ್ಸಿನಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟರು. ಉತ್ತರ ಭಾರತದಲ್ಲಿ ಅಲೆದು ಮರಳಿದ ಮೇಲೆ, 1936ರಲ್ಲಿ, ಹುಬ್ಬಳ್ಳಿಯ ಸಮೀಪದ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಶಿಷ್ಯರಾದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಕುಮಾರ ಗಂಧರ್ವರದು ಬೇರೊಂದು ಬಗೆ. ಧ್ವನಿಮುದ್ರಿಕೆಗಳಲ್ಲಿ ಕೇಳಿದ ಹಿರಿಯರ ಗಾಯನವನ್ನು ಅವರು ಎಳವೆಯಲ್ಲಿಯೇ ಯಥಾವತ್ತಾಗಿ ಹಾಡಬಲ್ಲವರಾಗಿದ್ದರು. 12 ತುಂಬುವ ಮೊದಲೇ ದೊಡ್ಡ ಸಭೆಗಳಲ್ಲಿ ಹೆಸರು ಪಡೆದಿದ್ದರು. ಆದರೂ ಮುಂಬಯಿಯ ಬಿ. ಆರ್. ದೇವಧರರ ಬಳಿ ವರ್ಷಗಟ್ಟಲೆ ಕುಳಿತು ಕಲಿತರು. ಅನುಕರಣೆಯ ಶಕ್ತಿ ಬೇರೆ, ಶಿಕ್ಷಣದ ಸಿದ್ಧತೆ ಬೇರೆ. ಗಂಗೂಬಾಯಿ ಹಾನಗಲ್ಲರಿಗಂತೂ ತಾಯಿ ಅಂಬಾಬಾಯಿಯವರ ಗಾಯನದಿಂದ ಕಿವಿ ಮೊದಲೇ ಹದಗೊಂಡಿತ್ತು. ಆದರೆ ಅವರು ಸವಾಯಿ ಗಂಧರ್ವರ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದ ಕಾಲಕ್ಕೆ ತಾವೇ ತಾಯಿಯಾಗಿದ್ದರು.

ಹಾಗಾದರೆ ಸಿದ್ಧತೆಯನ್ನು ಅರಿಯುವುದೆಂತು? ತಂಬೂರಿಯ ಷಡ್ಜದೊಡನೆ ಮಗು ತನ್ನ ದನಿಯನ್ನು ಕೂಡಿಸಬಲ್ಲುದೇ? ದನಿ ಜಾರಿದಾಗ ತಾನೇ ಅರಿತು ಮರಳಬಲ್ಲುದೇ? ಒಂದೇ ಸ್ವರವನ್ನು ಹತ್ತು ಸಲ ಹೇಳಿಸಿದರೂ ಬೇಸರಗೊಳ್ಳದೆ ಕುಳಿತಿರಬಲ್ಲುದೇ? ಈ ಕೊನೆಯದೇ ಎಲ್ಲಕ್ಕಿಂತ ಕಠಿನ. ಒಂದು ಮಗು 7ರಲ್ಲಿ ಇದನ್ನು ತೋರಿದರೆ ಇನ್ನೊಂದು 10ರಲ್ಲಿ ತೋರೀತು. ಅಲ್ಲಿಯವರೆಗೆ ಭಜನೆ, ಕಚೇರಿಗಳನ್ನು ಕೇಳುವುದೇ ಅದರ ಪಾಠ. ವಾದ್ಯಗಳಲ್ಲಿ ದೇಹದ ಅಳವೂ ಲೆಕ್ಕಕ್ಕೆ ಬರುತ್ತದೆ. ಪಿಟೀಲು ಚಿಕ್ಕ ಅಳತೆಯಲ್ಲಿ ದೊರೆಯುತ್ತದೆ. ಸಿತಾರಿನ ತಂತಿಯಾದರೋ ಎಳೆಯ ಬೆರಳನ್ನು ನೋಯಿಸುತ್ತದೆ.

ಹುಡುಗರಿಗೆ ಸಾಮಾನ್ಯವಾಗಿ 12ರಿಂದ 15ರ ನಡುವೆ ಮತ್ತೊಂದು ತೊಡಕು ಎದುರಾಗುತ್ತದೆ. ಧ್ವನಿಪೆಟ್ಟಿಗೆ ಬೆಳೆದು ಧ್ವನಿತಂತುಗಳು ನೀಳವೂ ದಪ್ಪವೂ ಆಗುವುದರಿಂದ ದನಿ ಒಡೆಯುತ್ತದೆ. ನಿನ್ನೆ ಎಟುಕಿದ ತಾರಷಡ್ಜ ಇಂದು ಎಟುಕದು. ಹುಡುಗನಿಗೆ ಸಂಗೀತ ಒಲಿಯದೆಂದು ಬಗೆದು ಮನೆಯವರು ಪಾಠ ಬಿಡಿಸುವುದುಂಟು. ಇದು ಅವಸರದ ನಿರ್ಣಯ. ಷಡ್ಜವನ್ನು ಇಳಿಸಿಕೊಂಡು, ಏರುದನಿಯ ಸಾಧನೆಯನ್ನು ನಿಲ್ಲಿಸಿ, ತಾಳವನ್ನೂ ಶ್ರವಣವನ್ನೂ ಮುಂದುವರಿಸಿದರೆ, ಕೆಲವರಿಗೆ ತಿಂಗಳುಗಳಲ್ಲಿ, ಕೆಲವರಿಗೆ ವರ್ಷ ಕಳೆದ ಮೇಲೆ, ಹೊಸ ದನಿ ನೆಲೆಗೊಳ್ಳುತ್ತದೆ.