ನಾದವನ್ನು ಅಂಕೆಗೆ ತರುವ ಪೆಟ್ಟಿಗೆ

ಹಾಡು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿಯೇ ಲಯವಾಗುವಂಥದು. ಅದನ್ನು ಹಿಡಿದಿಡಬೇಕಾದರೆ ಹಿಂದೆ ಧ್ವನಿಮುದ್ರಣಾಲಯದ ಮೆಟ್ಟಿಲು ಹತ್ತಬೇಕಾಗಿತ್ತು. ಈಗ ಒಂದು ಮೈಕು, ಒಂದು ಕಂಪ್ಯೂಟರು, ಇವೆರಡರ ನಡುವೆ ಒಂದು ಪುಟ್ಟ ಪೆಟ್ಟಿಗೆ ಇದ್ದರೆ ಮನೆಯ ಒಳಕೋಣೆಯೇ ಸ್ಟುಡಿಯೋ ಆಗುತ್ತದೆ. ಮಗಳ ಸಂಗೀತವನ್ನೋ, ಅಜ್ಜಿಗೆ ಮಾತ್ರ ಬಾಯಿಪಾಠವಾಗಿರುವ ಹಸೆಯ ಹಾಡನ್ನೋ ಉಳಿಸಿಕೊಳ್ಳುವ ಅನುಕೂಲ ಸಾಮಾನ್ಯ ಸಂಸಾರಕ್ಕೂ ಒದಗಿದೆ. ಆದರೆ ಎಂಬತ್ತು ದಾಟಿದ ಕಂಠ ಅದೇ ಹಾಡನ್ನು ಅದೇ ಹುರುಪಿನಿಂದ ಇನ್ನೊಮ್ಮೆ ಹಾಡೀತೆಂಬ ಭರವಸೆಯಿಲ್ಲ. ಆದುದರಿಂದ ಆ ಪೆಟ್ಟಿಗೆಯ ಗುಣಧರ್ಮವನ್ನು ಮೊದಲೇ ಅರಿತುಕೊಳ್ಳುವುದು ಲೇಸು.

ಅಳೆಯುವುದೇ ಅದರ ಕಾಯಕ

ಅಂಗಡಿಯವರು ಅದನ್ನು ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ಅದರೊಳಗಿನ ಮುಖ್ಯ ಅಂಗವೇ ಅನಲಾಗ್-ಡಿಜಿಟಲ್ ಪರಿವರ್ತಕ. ಮೈಕಿನಿಂದ ಬರುವ ವಿದ್ಯುತ್ತಿನ ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದು, ಆ ಅಳತೆಯನ್ನು ಅಂಕಿಯಾಗಿ ಬರೆದಿಡುವುದೇ ಅದರ ಕೆಲಸ. ಈ ಉಪಾಯ ೧೯೩೭ರಲ್ಲಿ, ಪ್ಯಾರಿಸ್ಸಿನಲ್ಲಿ ದುಡಿಯುತ್ತಿದ್ದ ಅಲೆಕ್ ರೀವ್ಸ್ ಎಂಬ ಆಂಗ್ಲ ಎಂಜಿನಿಯರರಿಗೆ ಹೊಳೆಯಿತು. ದೂರದ ಟೆಲಿಫೋನ್ ಮಾತಿಗೆ ದಾರಿಯುದ್ದಕ್ಕೂ ಗೊರಗೊರ ಸದ್ದು ಬೆರೆಯುತ್ತಿತ್ತು. ಅಲೆಯ ಬದಲಿಗೆ ಅಂಕಿಗಳನ್ನೇ ಕಳುಹಿಸಿದರೆ ಆಚೆಯವರು ಅಂಕಿಯನ್ನು ಗುರುತಿಸಿದರಾಯಿತು, ಸದ್ದು ಬೇರೆಯಾಗಿ ಉಳಿಯುತ್ತದೆ.

ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು? ಯಾವ ಕಂಪನವನ್ನೇ ಆಗಲಿ, ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಅದು ಪೂರ್ಣವಾಗಿ ಕೈಸೇರುತ್ತದೆ. ಹ್ಯಾರಿ ನೈಕ್ವಿಸ್ಟ್ ೧೯೨೮ರಲ್ಲಿ ತಳಹದಿ ಹಾಕಿ, ಕ್ಲಾಡ್ ಶ್ಯಾನನ್ ೧೯೪೯ರಲ್ಲಿ ಸ್ಪಷ್ಟವಾಗಿ ನಿರೂಪಿಸಿದ ತತ್ತ್ವ ಇದು. ಮನುಷ್ಯನ ಕಿವಿಯ ಮೇರೆ ಸುಮಾರು ೨೦,೦೦೦ ಕಂಪನ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗೆ ೪೪,೧೦೦ ಅಳತೆಗಳನ್ನು ಗೊತ್ತುಮಾಡಿದ್ದರ ಮರ್ಮವೂ ಇದೇ. ಮನೆಯ ಮುದ್ರಣಕ್ಕೆ ೪೮,೦೦೦ ಧಾರಾಳವಾಯಿತು. ೯೬,೦೦೦ ಎಂದರೆ ಶೇಖರಣೆಯ ಜಾಗ ಇಮ್ಮಡಿ. ಕಿವಿಗೆ ಕಾಣುವ ಲಾಭ ಅಪರೂಪ.

ಇನ್ನು ಬಿಟ್ಟುಗಳ ಮಾತು. ೧೬ ಬಿಟ್ಟಿನ ಅಳತೆಗೋಲಿನಲ್ಲಿ ೬೫,೫೩೬ ಗೆರೆಗಳು. ೨೪ ಬಿಟ್ಟಿನದರಲ್ಲಿ ೧,೬೭,೭೭,೨೧೬. ಗೆರೆಗಳು ಸೂಕ್ಷ್ಮವಾದಷ್ಟೂ ಮೆಲುದನಿಯೂ ಕೆಡದೆ ಉಳಿಯುತ್ತದೆ. ಆದುದರಿಂದ ೨೪ ಬಿಟ್ಟನ್ನೇ ಆರಿಸಿಕೊಳ್ಳತಕ್ಕದ್ದು.

ಕೊಳ್ಳುವ ಮುನ್ನ

ಮೊದಲು ಎಷ್ಟು ಮೈಕುಗಳು ಬೇಕೆಂದು ಲೆಕ್ಕ ಹಾಕಬೇಕು. ಒಂಟಿ ಗಾಯನಕ್ಕೆ ಒಂದು ಸಾಕು. ಜೊತೆಗೆ ತಂಬೂರಿಯನ್ನು ಬೇರೆಯಾಗಿ ಹಿಡಿಯುವುದಾದರೆ ಎರಡು. ಪಿಟೀಲು ಸೇರಿ, ಮೃದಂಗದ ಎರಡು ಮುಖಗಳಿಗೂ ಒಂದೊಂದು ಮೈಕು ಇಟ್ಟರೆ ಗಾಯನದೊಡನೆ ನಾಲ್ಕಾದುವು. ಡಬ್ಬಿಯ ಮೇಲೆ ಹದಿನೆಂಟು ದಾರಿಗಳೆಂದು ಬರೆದಿದ್ದರೂ ಮೈಕು ಸಿಕ್ಕಿಸುವ ಕಿಂಡಿಗಳು ಅಷ್ಟಿರುವುದಿಲ್ಲ. ಅವನ್ನು ಎಣಿಸಿಯೇ ಕೊಳ್ಳಬೇಕು. ಕಂಡೆನ್ಸರ್ ಮೈಕಿಗೆ ೪೮ ವೋಲ್ಟಿನ ವಿದ್ಯುತ್ತನ್ನು ಪೆಟ್ಟಿಗೆಯೇ ಒದಗಿಸಬೇಕು. ಆ ಗುಂಡಿಯೂ ಇರಲಿ.

ದುಬಾರಿಯದೇ ಆಗಬೇಕೆಂಬ ಭ್ರಮೆ ಬೇಡ. ಇಂದಿನ ಸಾಧಾರಣ ಬೆಲೆಯ ಪರಿವರ್ತಕದ ಒಳಸದ್ದಿಗಿಂತ ತಿರುಗುವ ಫ್ಯಾನಿನ ಸದ್ದು ಎಷ್ಟೋ ಪಾಲು ದೊಡ್ಡದು. ಹೆಚ್ಚಿನ ಹಣವನ್ನು ಮೈಕಿಗೂ, ಕಿಟಕಿಗೆ ದಪ್ಪ ಪರದೆಗೂ ವೆಚ್ಚಮಾಡಿದರೆ ಫಲ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ.

ಮಟ್ಟವೇ ಮುಖ್ಯ

ಮನೆಯ ಮುದ್ರಣಗಳು ಕೆಡುವುದು ಹೆಚ್ಚಾಗಿ ಪೆಟ್ಟಿಗೆಯ ದೋಷದಿಂದಲ್ಲ, ಮಟ್ಟವನ್ನು ಏರಿಸಿಟ್ಟ ಆತುರದಿಂದ. ಪರಿವರ್ತಕವೆಂಬುದು ಅಕ್ಕಿ ಅಳೆಯುವ ಸೇರಿನಂತೆ. ತುಂಬಿದ ಮೇಲೆ ಸುರಿದದ್ದು ಲೆಕ್ಕಕ್ಕೆ ಸಿಗದು. ಸೊನ್ನೆಯ ಗೆರೆಯನ್ನು ಮೀರಿದ ಅಲೆಯ ತಲೆ ಕತ್ತರಿಸಿಹೋಗಿ ದನಿ ಒಡೆಯುತ್ತದೆ. ಆ ಅಂಕಿಗಳು ಬರೆದೇ ಇಲ್ಲವಾದುದರಿಂದ ಮೂಲ ದನಿಯನ್ನು ಮತ್ತೆ ಪಡೆಯುವ ಬಗೆಯಿಲ್ಲ.

ಪರೀಕ್ಷೆಗೆಂದು ಹಾಡಿಸಿದಾಗ ಎಲ್ಲರೂ ಸಂಕೋಚದಿಂದ ಮೆಲ್ಲಗೆ ಹಾಡುತ್ತಾರೆ; ಮೈಮರೆತು ತಾರಸ್ಥಾಯಿಗೆ ಏರಿದಾಗ ದನಿ ಬೇರೆಯೇ ಆಗುತ್ತದೆ. ಅದಕ್ಕಾಗಿ ಹಾಡಿನ ಅತ್ಯಂತ ಎತ್ತರದ ಭಾಗವನ್ನೇ ಮೊದಲು ಹಾಡಿಸಿ, ಗೇನ್ ಗುಂಡಿಯನ್ನು ಮಾಪಕದ ಮುಳ್ಳು ಸೊನ್ನೆಗಿಂತ ೧೨ ಡೆಸಿಬೆಲ್ ಕೆಳಗೆ ನಿಲ್ಲುವಂತೆ ತಿರುಗಿಸಬೇಕು. ದನಿ ಸಣ್ಣದಾಯಿತೆಂಬ ಅಂಜಿಕೆ ಬೇಡ. ೨೪ ಬಿಟ್ಟಿನ ನಿಜವಾದ ಉಪಕಾರವಿರುವುದು ಇಲ್ಲಿಯೇ: ಸಣ್ಣದನ್ನು ಆಮೇಲೆ ಹಿಗ್ಗಿಸಬಹುದು, ಒಡೆದದ್ದನ್ನು ಕೂಡಿಸಲಾಗದು.

ಪೆಟ್ಟಿಗೆಯಲ್ಲಿಯೂ ಕಂಪ್ಯೂಟರಿನಲ್ಲಿಯೂ ಅಳತೆಯ ವೇಗ ಒಂದೇ ಇರಲಿ. ಎರಡು ಪರಿವರ್ತಕಗಳನ್ನು ಜೋಡಿಸಿದರೆ ಒಂದರ ಗಡಿಯಾರವನ್ನೇ ಇನ್ನೊಂದು ಅನುಸರಿಸುವಂತೆ ಮಾಡಬೇಕು. ತಾಳ ಹಾಕುವವರು ಇಬ್ಬರಾದರೆ ನಡುನಡುವೆ ಟಿಕ್ ಟಿಕ್ ಸದ್ದು ತಪ್ಪದು. ಹಾಡುವವರಿಗೆ ತಮ್ಮ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿದರೆ ಲಯ ಕೆಡುತ್ತದೆ; ಕಂಪ್ಯೂಟರನ್ನು ಸುತ್ತಿ ಬಾರದೆ ಪೆಟ್ಟಿಗೆಯಿಂದಲೇ ನೇರವಾಗಿ ಕೇಳಿಸುವ ಗುಂಡಿಯನ್ನು ಒತ್ತಿದರೆ ಈ ತೊಡಕು ನೀಗುತ್ತದೆ.

೨೪ ಬಿಟ್ಟು, ೪೮,೦೦೦ದ ವೇಗದಲ್ಲಿ ಒಂದು ಮೈಕಿನ ಒಂದು ಗಂಟೆಯ ಗಾಯನಕ್ಕೆ ತಗಲುವ ಜಾಗ ಸುಮಾರು ೫೧೮ ಮೆಗಾಬೈಟು ಮಾತ್ರ. ಎರಡು ಬೇರೆ ಬೇರೆ ಕಡೆ ಪ್ರತಿ ಇಡುವುದಕ್ಕೆ ಜಿಪುಣತನ ಸಲ್ಲದು. ಮುದ್ರಣ ಮುಗಿದೊಡನೆ, ಹಾಡಿದವರು ಚಾಪೆಯಿಂದ ಏಳುವ ಮೊದಲೇ, ಒಮ್ಮೆ ಪೂರ್ತಿ ಕೇಳಿಬಿಡಬೇಕು. ಎಲ್ಲಿಯಾದರೂ ದನಿ ಒಡೆದಿದ್ದರೆ ಆ ನುಡಿಯನ್ನು ಇನ್ನೊಮ್ಮೆ ಹಾಡಿಸಿಕೊಳ್ಳಲು ಅದೇ ತಕ್ಕ ಸಮಯ.